ಪೇಪರಿನ ಮೇಲಿನ ಹೆಸರು: ಒಬ್ಬ ಸಂಶೋಧನಾ ವಿದ್ಯಾರ್ಥಿನಿಗೆ ಸಂಪಾದಕರ ಉತ್ತರ

ನಮಸ್ಕಾರ,

‘ಸಂಶೋಧನಾ ಪತ್ರಿಕೆಗಳಲ್ಲಿ ನೈತಿಕತೆಯ ಅಧಃಪತನ’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಮತ್ತೆ ಬರೆಯಲೇಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಎರಡು ಪುಟ ತೆಗೆದುಬಿಡಿ. ಗುರುಕುಲ, ಸತ್ಯ, ಮೌಲ್ಯ ಎಲ್ಲ ಬಂದಿದೆ. ಯಾರು ಏನು ಮಾಡಿದರು ಅನ್ನುವುದೇ ಬಂದಿಲ್ಲ. ಆಮೇಲೆ ಪೂರ್ತಿ ಕೃತಿಚೌರ್ಯದ ಮಾತು. ನಡುವೆ ಒಂದೇ ಒಂದು ಸಾಲು: “ಲ್ಯಾಬ್ ಕಡೆ ತಲೆ ಹಾಕಿಯೂ ಮಲಗದವರ ಹೆಸರು ಪೇಪರಿನಲ್ಲಿ ನನ್ನ ಹೆಸರಿಗಿಂತ ಮೊದಲು ಬಂತು.” ಇಷ್ಟು ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಿಮ್ಮ ಲೇಖನ ಇರುವುದು ಅಲ್ಲೇ.

ಕದ್ದ ಸಾಲುಗಳನ್ನು ಸಾಫ್ಟ್‌ವೇರ್ ಎಷ್ಟೋ ಮಟ್ಟಿಗೆ ಹಿಡಿಯುತ್ತದೆ. ಸುಮ್ನೆ ಸೇರಿಸಿದ ಹೆಸರನ್ನು ಹಿಡಿಯುವುದಿಲ್ಲ. ಜೊತೆಗೆ ಕೆಲಸ ಮಾಡಿದವರೇ ಬಾಯಿ ಬಿಡಬೇಕು, ಅವರ ಡಿಗ್ರಿ ನೋಡಿದರೆ ಅದೇ ಗೈಡ್ ಸಹಿಗೆ ಕಾಯುತ್ತಿರುತ್ತದೆ. ಈ ಇಕ್ಕಟ್ಟು ನಿಮಗೆ ಗೊತ್ತು. ಅದನ್ನು ಬರೆಯಿರಿ. ಹೆಸರುಗಳ ಸರದಿ ಯಾವಾಗ ತೀರ್ಮಾನವಾಯಿತು, ಯಾರು ಹೇಳಿದರು, ನೀವು ಏನೂ ಕೇಳದೆ ಯಾಕೆ ಸುಮ್ಮನಾದಿರಿ?

ಅದರ ಪಕ್ಕದಲ್ಲಿ ನಿಯಮ ಇಡಿ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕ ಅನ್ನಿಸಿಕೊಳ್ಳಲು ನಾಲ್ಕು ಷರತ್ತು ಇಟ್ಟಿದೆ. ಕೆಲಸದಲ್ಲಿ ದೊಡ್ಡ ಪಾಲು ಇರಬೇಕು. ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈ ಇರಬೇಕು. ಕೊನೆಯ ಪ್ರತಿಗೆ ಒಪ್ಪಿರಬೇಕು. ನಾಳೆ ಪ್ರಶ್ನೆ ಬಂದರೆ ಉತ್ತರ ಕೊಡಲು ತಯಾರಿರಬೇಕು. ನಾಲ್ಕೂ ಬೇಕು. ದುಡ್ಡು ತಂದುಕೊಟ್ಟೆ, ವಿಭಾಗದ ಮುಖ್ಯಸ್ಥ ನಾನು ಅಂದರೆ ಸಾಲದು. ಅಂಥವರಿಗೆ ಕೊನೆಯಲ್ಲಿ ಕೃತಜ್ಞತೆ ಹೇಳಿದರೆ ಆಯಿತು, ಅಲ್ವಾ?

ನಾಲ್ಕನೆಯ ಷರತ್ತು ಎಷ್ಟು ದೊಡ್ಡದು ಅನ್ನುವುದಕ್ಕೆ ನೀವೇ ಕೋವಿಡ್ ಕಾಲದ ಹೈಡ್ರಾಕ್ಸಿಕ್ಲೋರೋಕ್ವಿನ್ ಪ್ರಬಂಧದ ಹೆಸರು ಎತ್ತಿದ್ದೀರಿ, ಆದರೆ ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. 2020ರ ಮೇ 22ರಂದು ‘ದಿ ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಬಂತು. ಆ ಔಷಧ ಕೊಟ್ಟ ಕೋವಿಡ್ ರೋಗಿಗಳಲ್ಲಿ ಸಾವು ಹೆಚ್ಚು ಎಂದಿತ್ತು. 96,000ಕ್ಕೂ ಹೆಚ್ಚು ರೋಗಿಗಳ ಮಾಹಿತಿ ಇದೆ ಎಂದು ಹೇಳಿಕೊಂಡಿತ್ತು. ಕೆಲವೇ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಔಷಧ ಕೊಡುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮಾಹಿತಿ ಇದ್ದದ್ದು ಸರ್ಜಿಸ್ಫಿಯರ್ ಎಂಬ ಕಂಪನಿಯ ಕೈಯಲ್ಲಿ. ನಾಲ್ವರು ಲೇಖಕರಲ್ಲಿ ಒಬ್ಬರು ಆ ಕಂಪನಿಯ ಮುಖ್ಯಸ್ಥರು. ಸಂಶಯ ಎದ್ದಾಗ ಉಳಿದ ಮೂವರು ಸ್ವತಂತ್ರ ಪರಿಶೀಲನೆ ಮಾಡಿಸಲು ಹೊರಟರು, ಪೂರ್ತಿ ಮಾಹಿತಿ ಸಿಗಲಿಲ್ಲ. ಜೂನ್ 4ರಂದು ಪ್ರಬಂಧ ವಾಪಸ್ ತೆಗೆದುಕೊಂಡರು. ಪ್ರಕಟವಾಗುವ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಪ್ರಕಟವಾದ ಮೇಲೆ ಕೇಳಿದ್ದರು. ನಿಮ್ಮ ಲ್ಯಾಬಿನ ಕಥೆಗೂ ಇದಕ್ಕೂ ಇರುವ ನಂಟು ಇದೇ: ಕೆಲಸವನ್ನು ಸರಿಯಾಗಿ ನೋಡದೆ ಹೆಸರು ಹಾಕಿಕೊಂಡವರು, ಪ್ರಶ್ನೆ ಬಂದಾಗ ಉತ್ತರ ಕೊಡಲಾರರು.

ಎರಡು ತಪ್ಪು ತಿದ್ದಿಕೊಳ್ಳಿ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಾಕಿದ ಬ್ರಿಟನ್ನಿನ ವೈದ್ಯ ವೇಕ್‌ಫೀಲ್ಡ್ ಅವರ 1998ರ ಪ್ರಬಂಧದ ಮೋಸ ಬಯಲಿಗೆ ತಂದದ್ದು ಪ್ರಕಟಣೆಗೆ ಮುಂಚೆ ಪ್ರಬಂಧ ಓದಿ ನೋಡುವ ಪತ್ರಿಕೆಯ ವಿಮರ್ಶಕರಲ್ಲ, ಬ್ರಯಾನ್ ಡೀರ್ ಎಂಬ ಪತ್ರಕರ್ತ. ಲ್ಯಾನ್ಸೆಟ್ ಅದನ್ನು ಪೂರ್ತಿ ರದ್ದು ಮಾಡಿದ್ದು 2010ರಲ್ಲಿ. ಇನ್ನೊಂದು, ಲೇಖಕರಿಂದ ದುಡ್ಡು ತೆಗೆದುಕೊಳ್ಳುವ ಪತ್ರಿಕೆಗಳೆಲ್ಲ ಮೋಸ ಎಂದಿದ್ದೀರಿ. ಹಾಗಲ್ಲ. ವಿಮರ್ಶೆ ಮಾಡಿಸಿಯೇ ಪ್ರಕಟಿಸುವ ವಿಜ್ಞಾನ ಪತ್ರಿಕೆ ‘ಪ್ಲಾಸ್ ಒನ್’ ಕೂಡ ಶುಲ್ಕ ಪಡೆಯುತ್ತದೆ. ದುಡ್ಡು ಇಸಕೊಂಡು ವಿಮರ್ಶೆಯನ್ನೇ ಮಾಡಿಸದಿದ್ದರೆ ಅದು ಮೋಸ.

ಓದುವ ಹುಡುಗ ಹುಡುಗಿಯರಿಗೆ ಒಂದು ದಾರಿಯನ್ನೂ ತೋರಿಸಿ. 1997ರಲ್ಲಿ ಬ್ರಿಟನ್ನಿನ ಸಂಪಾದಕರು ಸೇರಿ ಶುರುಮಾಡಿದ ಕೋಪ್ (COPE, ಪ್ರಕಟಣೆಯ ನೈತಿಕತೆ ನೋಡುವ ಸಮಿತಿ) ಎಂಬ ಸಂಸ್ಥೆ, ಇಂಥ ದೂರು ಬಂದಾಗ ಸಂಪಾದಕರು ಏನು ಮಾಡಬೇಕು ಎಂದು ಹಂತ ಹಂತವಾಗಿ ಬರೆದಿಟ್ಟಿದೆ. ಆಯಾ ಪತ್ರಿಕೆ ಅದರ ಸದಸ್ಯ ಹೌದೋ ಅಲ್ಲವೋ ನೋಡಿಕೊಂಡು ದೂರು ಕೊಡಬಹುದು.

ಕಾಲೇಜಿನ ಹೆಸರು, ಗೈಡ್ ಹೆಸರು ಹಾಕಬೇಡಿ. ಗುರುತು ಸಿಗುವಂಥ ವಿವರ ಬದಲಿಸಿ. ನಿಮ್ಮ ಹೆಸರೂ ಬೇಡ ಅನಿಸಿದರೆ ಹೇಳಿ, ಇಲ್ಲದೆಯೇ ಪ್ರಕಟಿಸುತ್ತೇವೆ. ಡಿಗ್ರಿ ಕೈಗೆ ಬರುವವರೆಗೆ ಕಾಯುವುದಾದರೂ ಸರಿ. ಈ ಲೇಖನಕ್ಕೆ ನಮ್ಮಲ್ಲಿ ಜಾಗ ಇದ್ದೇ ಇರುತ್ತದೆ.