ಎದೆಯ ಗಡ್ಡೆಗೆ ಎರಡು ಸಲ ಸೂಜಿ ಹಾಕಿದರೂ ರೋಗ ಗೊತ್ತಾಗಿಲ್ಲ. ದುರ್ಬೀನು ಆಪರೇಷನ್ನಾ, ಎದೆ ಕೊಯ್ಯೋದಾ?

ನಿಮ್ಮ ಭಾವನವರ ಕೇಸಿನಂಥದ್ದನ್ನು ಮುಂಬೈಯ ಹಿಸ್ಟೊಪೆಥಾಲಜಿ ಲ್ಯಾಬಿನಲ್ಲಿ (ದೇಹದಿಂದ ತೆಗೆದ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡೋ ಜಾಗ) ಕೂತು ನೋಡುತ್ತಲೇ ಬಂದಿದ್ದೇನೆ: ವಯಸ್ಸು ಮೂವತ್ತರ ಆಸುಪಾಸು, ಎದೆಮೂಳೆಯ ಹಿಂದೆ ಗಡ್ಡೆ, ಎರಡೂ ಸಲ ‘ಇನ್‌ಕನ್‌ಕ್ಲೂಸಿವ್’, ಅಂದರೆ ತೀರ್ಮಾನವಿಲ್ಲ. ಸೂಜಿ ಹಾಕಿದವರನ್ನು ಬೈಯಬೇಡಿ. ಅದಕ್ಕೆ ಸಿಗೋದು ದಾರದಂಥ ಎಳೆ. ಕೆಲವು ಲಿಂಫೋಮಾಗಳಲ್ಲಿ (ಲಿಂಫೋಸೈಟ್ ಅನ್ನೋ ಬಿಳಿರಕ್ತಕಣಗಳ ಕ್ಯಾನ್ಸರ್) ಬರೀ ನಾರೇ ಬರುತ್ತೆ. ಎದೆಮೂಳೆ ಹಿಂದಿನ ಥೈಮಸ್ ಗ್ರಂಥಿಯ ಗಡ್ಡೆಯಾದ ಥೈಮೋಮಾದಲ್ಲೂ ಲಿಂಫೋಸೈಟ್‌ಗಳು ತುಂಬಿರಬಹುದು, ಅಷ್ಟು ಚೂರಿನಲ್ಲಿ ಎರಡನ್ನೂ ಬೇರೆ ಮಾಡೋದು ಕಷ್ಟ.

ಬರೀ ರೋಗ ಪತ್ತೆಗೆ ಎದೆಮೂಳೆ ಸೀಳೋ ಮಾತೇ ಬೇಡ, ಸಾಮಾನ್ಯವಾಗಿ ದುರ್ಬೀನು ಸಾಕು. ನೀವು ಕೇಳಬೇಕಾದ್ದು ಬೇರೆ: ತೆಗೆದ ತುಂಡು ಯಾವ ಡಬ್ಬಿಗೆ ಹೋಗುತ್ತೆ?

ದುರ್ಬೀನು ಆಪರೇಷನ್ನಿನಲ್ಲಿ ಗಂಟಲಿಗೆ ಎರಡು ದಾರಿಯ ಕೊಳವೆ ಹಾಕಿ ಒಂದೇ ಶ್ವಾಸಕೋಶಕ್ಕೆ ಗಾಳಿ ಕೊಡ್ತಾರೆ, ಇನ್ನೊಂದು ಕುಗ್ಗಿ ಜಾಗ ಬಿಡುತ್ತೆ. ಪಕ್ಕೆಲುಬಿನ ಸಂದಿಯಲ್ಲಿ ಎರಡು ಮೂರು ತೂತು. ಗಡ್ಡೆಯನ್ನು ಕಣ್ಣಾರೆ ನೋಡಿ ಒಳ್ಳೆ ತುಂಡು ತೆಗೀತಾರೆ. ಇಷ್ಟೆಲ್ಲ ಆದ ಮೇಲೆ ಎಷ್ಟೋ ಸಲ ಟ್ರಾಲಿ ಮೇಲೆ ಇರೋದು ಫಾರ್ಮಲಿನ್ (ತುಂಡು ಕೊಳೆಯದಂತೆ ಇಡೋ ದ್ರವ) ಡಬ್ಬಿ ಒಂದೇ. ಅಭ್ಯಾಸಬಲದಿಂದ ಎಲ್ಲವೂ ಅದರೊಳಗೆ. ಸ್ಲೈಡಿಗೆ, ಇಮ್ಯುನೊ ಸ್ಟೇನಿಗೆ (ಕೋಶದ ಜಾತಿ ತೋರಿಸೋ ಬಣ್ಣ) ಫಾರ್ಮಲಿನ್ ಬೇಕೇ ಬೇಕು. ಆದರೆ ಕೋಶಗಳನ್ನು ಒಂದೊಂದಾಗಿ ಯಂತ್ರದಲ್ಲಿ ಹಾಯಿಸಿ ಗುರುತಿಸೋ ಫ್ಲೋ ಸೈಟೊಮೆಟ್ರಿಗೆ ಜೀವಂತ ಕೋಶ ಬೇಕು, ಟಿಬಿ ಕಲ್ಚರಿಗೆ ಜೀವಂತ ಬ್ಯಾಕ್ಟೀರಿಯಾ ಬೇಕು. ಫಾರ್ಮಲಿನ್ ಎರಡನ್ನೂ ಕೊಲ್ಲುತ್ತೆ. ಒಮ್ಮೆ ಮುಳುಗಿದ್ದು ವಾಪಸ್ ಬರಲ್ಲ, ಮತ್ತೆ ಅದೇ ಎದೆಗೆ ಕೈ ಹಾಕಬೇಕಾಗಬಹುದು.

ಹಾಗಾಗಿ ಹಿಂದಿನ ದಿನವೇ ಸರ್ಜನ್‌ಗೂ ಲ್ಯಾಬಿಗೂ ಹೇಳಿಡಿ. ಬಹುಪಾಲು 10% ಫಾರ್ಮಲಿನ್‌ಗೆ, ತುಂಡಿನ ಹತ್ತು ಪಟ್ಟು ದ್ರವ ಇರಲಿ. ಒಂದು ಚೂರು ಸೆಲೈನಿನಲ್ಲಿ ಅವತ್ತೇ ಫ್ಲೋ ಲ್ಯಾಬಿಗೆ. ಇನ್ನೊಂದು ಸ್ಟೆರೈಲ್ ಡಬ್ಬಿಯಲ್ಲಿ ಕಲ್ಚರ್, ಜೀನ್‌ಎಕ್ಸ್‌ಪರ್ಟ್‌ಗೆ (ಟಿಬಿಯ ಡಿಎನ್‌ಎ ಹುಡುಕೋ ಪರೀಕ್ಷೆ). ಹೊಲಿಗೆ ಹಾಕೋ ಮುಂಚೆ ಫ್ರೋಜನ್ ಸೆಕ್ಷನ್ (ಚೂರನ್ನು ಹೆಪ್ಪುಗಟ್ಟಿಸಿ ಆಗಲೇ ನೋಡೋದು) ಮಾಡಿಸಿ. ರೋಗದ ಹೆಸರಿಗಲ್ಲ, ಬಂದದ್ದು ಸತ್ತ ಭಾಗವಾ ಅಂತ ತಿಳಿಯೋಕೆ. ಇಕ್ಕಳದಲ್ಲಿ ಹಿಂಡಿದ, ಕಾಟರಿಯಲ್ಲಿ (ರಕ್ತ ನಿಲ್ಲಿಸೋ ವಿದ್ಯುತ್ ಸಾಧನ) ಸುಟ್ಟ ಅಂಚು ನಮಗೆ ಪ್ರಯೋಜನವಿಲ್ಲ.

ಎಲ್ಲರಿಗೂ ಬಯಾಪ್ಸಿ ಬೇಕಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ರೆಪ್ಪೆ ಜೋತು ಬೀಳುತ್ತಿದ್ದು, ಎಸಿಟೈಲ್‌ಕೋಲಿನ್ ರಿಸೆಪ್ಟರ್ ಆಂಟಿಬಾಡಿ (ಥೈಮೋಮಾ ಜೊತೆ ಬರೋ ಸ್ನಾಯು ಸೋಲುವ ಕಾಯಿಲೆಯ ರಕ್ತಪರೀಕ್ಷೆ) ಪಾಸಿಟಿವ್ ಇದ್ದು, ಸಿಟಿಯಲ್ಲಿ ಅಂಚು ಸ್ಪಷ್ಟವಿದ್ದರೆ ಅದು ಹೆಚ್ಚುಕಡಿಮೆ ಥೈಮೋಮಾ. ಚುಚ್ಚಬೇಡಿ, ಕವಚ ಒಡೆದರೆ ಕೋಶಗಳು ಪ್ಲೂರಾದಲ್ಲಿ (ಶ್ವಾಸಕೋಶದ ಸುತ್ತಲ ಪೊರೆ) ಬಿತ್ತಿಹೋಗಬಹುದು. ಇಡಿಯಾಗಿ ತೆಗೆಸಿ. ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ (ಕೆಲವು ಗಡ್ಡೆಗಳಲ್ಲಿ ಏರೋ ಅಂಶಗಳು) ರಕ್ತಪರೀಕ್ಷೆ ಇನ್ನೂ ಆಗಿಲ್ಲ ಅಂದರೆ ಅದೇ ಮೊದಲು. ಈ ವಯಸ್ಸಿನ ಗಂಡಸರಲ್ಲಿ ಎಎಫ್‌ಪಿ ತುಂಬ ಏರಿದ್ದರೆ ಜರ್ಮ್ ಸೆಲ್ ಟ್ಯೂಮರ್ (ವೀರ್ಯ, ಅಂಡದ ಮೂಲಕೋಶಗಳಿಂದ ಹುಟ್ಟೋ ಗಡ್ಡೆ) ಅಂತ ತೀರ್ಮಾನಿಸಿ, ಕೆಲವೊಮ್ಮೆ ಬಯಾಪ್ಸಿ ಇಲ್ಲದೆಯೇ ಕೀಮೋ ಶುರು ಮಾಡ್ತಾರೆ.

ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತಾ? ಅರಿವಳಿಕೆ ಡಾಕ್ಟರಿಗೆ ತಪ್ಪದೆ ಹೇಳಿ. ಪೂರ್ತಿ ಅರಿವಳಿಕೆಯಲ್ಲಿ ಗಡ್ಡೆ ಶ್ವಾಸನಾಳದ ಮೇಲೆ ಕೂರಬಹುದು. ಅಂಥವರಿಗೆ ದುರ್ಬೀನಿಗಿಂತ, ಅರೆ ಕೂರಿಸಿ ಆ ಜಾಗ ಮಾತ್ರ ಮರಗಟ್ಟಿಸಿ ದಪ್ಪ ಸೂಜಿಯಲ್ಲಿ ತೆಗೆಯೋದೇ ಮೇಲು.

ತುಂಡು ಕೈಗೆ ಬರೋವರೆಗೂ, ಉಸಿರಿಗೆ ಕುತ್ತು ಬರದ ಹೊರತು, ಸ್ಟೆರಾಯ್ಡ್ ಬೇಡ. ಲಿಂಫೋಮಾ ಆಗಿದ್ದರೆ ಗಡ್ಡೆ ಕರಗಿ ನಮಗೆ ಸತ್ತ ಕೋಶಗಳಷ್ಟೇ ಉಳಿಯುತ್ತವೆ. ಮತ್ತೆ, ಹಳೆ ಎರಡು ಸೂಜಿ ಪರೀಕ್ಷೆಗಳ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ತುಂಡು), ಸ್ಲೈಡ್ ಕೇಳಿ ಇಸ್ಕೊಳ್ಳಿ. ಮುಂಬೈ ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಹೋದರೂ ಅವನ್ನೇ ಕೇಳ್ತಾರೆ, ಕೆಲವೊಮ್ಮೆ ಅದರಲ್ಲೇ ಇನ್ನೊಂದೆರಡು ಸ್ಟೇನ್ ಹಾಕಿದರೆ ಉತ್ತರ ಸಿಗೋದೂ ಉಂಟು.