ಸ್ಟ್ರೈಪರ್ ಎಲ್ಲಿಂದ ಕೇಳೋದು, ಎರಡು ಗಿಟಾರ್‌ಗೆ ಏನು ಸಿಗುತ್ತೆ

ಸರ್ ನಿಮ್ಮ ಪ್ರಶ್ನೆ ನೋಡ್ದೆ. ಹಳದಿ ಕಪ್ಪು ಪಟ್ಟೆ ಬಟ್ಟೆ ಹಾಕ್ಕೊಂಡು ಸ್ಟೇಜ್ ಮೇಲಿಂದ ಬೈಬಲ್ ಎಸೆಯೋ ಬ್ಯಾಂಡ್‌ದು ಹಳೇ ವಿಡಿಯೋ ಸಿಕ್ತು, ಇದು ಬರೀ ಗಿಮಿಕ್ಕಾ ಇಲ್ಲ ಕೇಳೋ ಅಂಥದ್ದಾ, ಕೇಳೋದಾದ್ರೆ ಯಾವ ಆಲ್ಬಮ್ ಮೊದಲು, ತಮ್ಮನ ಜೊತೆ ಎರಡು ಗಿಟಾರ್‌ನಲ್ಲಿ ನುಡಿಸೋಕೆ ಏನಾದ್ರೂ ಇದೆಯಾ ಅಂತ ಕೇಳಿದೀರಿ. ಮೇಲೆ ಕಾಮೆಂಟ್ ಹಾಕಿದವರೆಲ್ಲ ಬಟ್ಟೆ ನೋಡಿ ನಕ್ಕು ಹೋಗಿದಾರೆ, ಹಾಡಿನ ಬಗ್ಗೆ ಯಾರೂ ಒಂದು ಮಾತೂ ಹೇಳಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಬ್ಯಾಂಡ್ ಹೆಸರು ಸ್ಟ್ರೈಪರ್, ಅಮೆರಿಕಾದ ಕ್ಯಾಲಿಫೋರ್ನಿಯಾ, ಆರೆಂಜ್ ಕೌಂಟಿಯವ್ರು. ಅಣ್ಣ ರಾಬರ್ಟ್ ಸ್ವೀಟ್ ಡ್ರಮ್ಸ್, ತಮ್ಮ ಮೈಕಲ್ ಸ್ವೀಟ್ ಹಾಡೋದೂ ಗಿಟಾರೂ, ಇನ್ನೊಂದು ಗಿಟಾರ್ ಆಜ್ ಫಾಕ್ಸ್, ಬೇಸ್ ಟಿಮ್ ಗೇನ್ಸ್. ಮೊದಲು ರಾಕ್ಸ್ ರೆಜೀಮ್ ಅಂತ ಹೆಸರಿಟ್ಕೊಂಡು ಕ್ಲಬ್‌ಗಳಲ್ಲಿ ಬಾರಿಸ್ತಿದ್ರು, 1983ರ ಸುಮಾರಿಗೆ ನಾವು ಹಾಡಿದ್ರೆ ಯೇಸು ಬಗ್ಗೇನೇ ಹಾಡೋದು ಅಂತ ತೀರ್ಮಾನ ಮಾಡಿ ಹೆಸರು ಬದಲಾಯಿಸಿದ್ರು. ಲೋಗೋ ಕೆಳಗೆ ಯೆಶಾಯ 53:5 ಅಂತ ಇರುತ್ತೆ ನೋಡಿ, ಅವನ ಮೈಮೇಲಿನ ಬಾಸುಂಡೆಗಳಿಂದ ನಮಗೆ ಗುಣವಾಯ್ತು ಅನ್ನೋ ಅರ್ಥದ ಬೈಬಲ್ ವಾಕ್ಯ ಅದು, ಇಂಗ್ಲಿಷ್‌ನಲ್ಲಿ ಆ ಬಾಸುಂಡೆಗೆ ಸ್ಟ್ರೈಪ್ಸ್ ಅಂತಿದೆ, ಪಟ್ಟೆಗಳೂ ಅದಕ್ಕೇ. ನೀವು ವಿಡಿಯೋದಲ್ಲಿ ಡ್ರಮ್ಮರ್ ಯಾಕೆ ಅಡ್ಡ ಕೂತಿದಾನೆ ಅಂತ ಕೇಳಿದ್ರಲ್ಲ, ಅವನು ಬಾರಿಸೋದು ಜನಕ್ಕೆ ಪೂರ್ತಿ ಕಾಣ್ಲಿ ಅಂತ, ಅಷ್ಟೇ, ಬೇರೇನೂ ರಹಸ್ಯ ಇಲ್ಲ.

ಈಗ ಕೇಳೋ ವಿಷಯ. ಬಂದ ಕ್ರಮದಲ್ಲೇ ಕೇಳ್ಬೇಡಿ ಅಂತ ನಾನ್ ಹೇಳೋದು. ಮೊದಲು 1986ರ ಟು ಹೆಲ್ ವಿತ್ ದ ಡೆವಿಲ್. ಅಮೆರಿಕಾದಲ್ಲಿ ಪ್ಲಾಟಿನಮ್ ಆಯ್ತು, ಅಂದ್ರೆ 10 ಲಕ್ಷ ಪ್ರತಿ, ಗ್ರ್ಯಾಮಿಗೆ ಗಾಸ್ಪೆಲ್ (ಕ್ರಿಶ್ಚಿಯನ್ ಭಕ್ತಿಗೀತೆ) ವಿಭಾಗದಲ್ಲಿ ನಾಮಿನೇಟೂ ಆಯ್ತು, ಅಲ್ಲಿವರೆಗೆ ಯಾವ ಕ್ರಿಶ್ಚಿಯನ್ ಮೆಟಲ್ ಬ್ಯಾಂಡೂ ಅಷ್ಟು ದೂರ ಹೋಗಿರ್ಲಿಲ್ಲ. ಕಾಲಿಂಗ್ ಆನ್ ಯೂ, ಫ್ರೀ ಎರಡೂ ಎಂಟಿವಿಯಲ್ಲಿ ಚೆನ್ನಾಗಿ ಓಡಿದ್ವು, ಆನೆಸ್ಟ್ಲಿ ಅನ್ನೋ ಪಿಯಾನೋ ಹಾಡು ಅಮೆರಿಕಾದ ಹಿಟ್ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ 23ನೇ ಸ್ಥಾನದವರೆಗೂ ಹೋಯ್ತು. ಆದ್ರೆ ಆನೆಸ್ಟ್ಲಿ ಕೇಳಿ ಬ್ಯಾಂಡ್ ಇಷ್ಟೇ ಅಂದ್ಕೋಬೇಡಿ, ಅದು ಮದುವೆ ಮನೆ ಹಾಡು, ಅದೇ ಆಲ್ಬಮ್‌ನಲ್ಲಿ ದ ವೇ ಹಾಕಿ ಆಮೇಲೆ ಮಾತಾಡಿ.

ಅದಾದ್ಮೇಲೆ ನೇರವಾಗಿ 2013ಕ್ಕೆ ಹಾರಿ, ನೋ ಮೋರ್ ಹೆಲ್ ಟು ಪೇ. ನಡುವಿನ 27 ವರ್ಷ ಬಿಟ್ಟು ಯಾಕೆ ಅಂತೀರಾ? 80ರ ದಶಕದ ಹೇರ್ ಬ್ಯಾಂಡ್‌ಗಳು (ಉದ್ದ ಕೂದಲು, ಮೇಕಪ್‌ನ ರಾಕ್ ಬ್ಯಾಂಡ್‌ಗಳು) ವಯಸ್ಸಾದ್ಮೇಲೆ ಸಾಮಾನ್ಯವಾಗಿ ಮೆತ್ತಗಾಗ್ತವೆ, ಹಳೇ ಹಿಟ್ ಹಾಡ್ಕೊಂಡು ಕ್ರೂಸ್ ಹಡಗಲ್ಲಿ ಓಡಾಡ್ಕೊಂಡಿರ್ತವೆ, ಇವರದ್ದು ಉಲ್ಟಾ. 2013ರಿಂದ ಈಚೆಗೆ ಗಿಟಾರ್ ದಪ್ಪ ಆಗಿದೆ, ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಭಾರ ಆಗಿದೆ, 1986ರಲ್ಲಿ ಕೀಬೋರ್ಡ್ ಇದ್ದ ಜಾಗದಲ್ಲೆಲ್ಲ ಈಗ ಗಿಟಾರೇ ಇದೆ. ನನ್ನ ಕೇಳಿದ್ರೆ ಇವರ ಎರಡನೇ ಇನ್ನಿಂಗ್ಸೇ ಮೊದಲನೇದಕ್ಕಿಂತ ಗಟ್ಟಿ, ಹಳೇ ಫ್ಯಾನ್‌ಗಳು ಬೈದ್ರೂ ಪರವಾಗಿಲ್ಲ. 2015ರ ಫಾಲನ್ ಕೂಡ ಅದೇ ದಾರಿ, ಅದರಲ್ಲಿ ಬ್ಲ್ಯಾಕ್ ಸಬತ್‌ನ ಆಫ್ಟರ್ ಫಾರೆವರ್ ಹಾಡಿದಾರೆ. ಇಲ್ಲಿ ಮಜಾ ಏನಂದ್ರೆ ಸೈತಾನನ ಬ್ಯಾಂಡ್ ಅಂತ ಎಲ್ರೂ ಹೆದರ್ತಿದ್ದ ಸಬತ್ 1971ರಲ್ಲೇ ದೇವರ ಪರವಾಗಿ ಬರೆದ ಹಾಡು ಅದು, ಇವರು ಹುಡುಕಿ ಹುಡುಕಿ ಅದನ್ನೇ ಹಿಡಿದಿದಾರೆ.

ಇವರ ಕಥೆ ಅರ್ಥ ಆಗ್ಬೇಕಂದ್ರೆ ಎರಡೂ ಕಡೆಯಿಂದ ಹೊಡೆತ ಬಿದ್ದಿದ್ದು ಗೊತ್ತಿರ್ಬೇಕು. ರಾಕ್ ಪತ್ರಿಕೆಗಳಿಗೆ ಇವರು ಸಂಡೇ ಸ್ಕೂಲ್ ಹುಡುಗ್ರು, ಜೇನುಹುಳದ ಬಟ್ಟೆಯವ್ರು. ಚರ್ಚ್ ಕಡೆಯ ಎಷ್ಟೋ ಜನಕ್ಕೆ ಉದ್ದ ಕೂದಲು, ಮೇಕಪ್, ಟೈಟ್ ಪ್ಯಾಂಟ್, ಇದು ಸೈತಾನನ ಸಂಗೀತವೇ, ಮೇಲೆ ಯೇಸು ಹೆಸರು ಅಂಟಿಸಿದಾರೆ ಅಷ್ಟೇ. ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್ ಇವರನ್ನ ಬಹಿರಂಗವಾಗಿ ಖಂಡಿಸಿದ್ರು, ಜನಕ್ಕೆ ಬೈಬಲ್ ಎಸೆಯೋದಂದ್ರೆ ಹಂದಿ ಮುಂದೆ ಮುತ್ತು ಚೆಲ್ಲಿದ ಹಾಗೆ ಅಂತ. ಸ್ವೀಟ್ ಮನೆಯವ್ರು 70ರ ದಶಕದಲ್ಲಿ ದೇವರ ದಾರಿ ಹಿಡಿದಿದ್ದೇ ಆ ಸ್ವಾಗರ್ಟ್‌ನ ಟಿವಿ ಪ್ರೋಗ್ರಾಮ್ ನೋಡಿ! ಯಾರ ಮಾತು ಕೇಳಿ ಭಕ್ತರಾದ್ರೋ ಅವರೇ ಬಂದು ನಿಮ್ಮ ಕೆಲಸ ಪಾಪದ್ದು ಅಂದ್ರೆ ಹೇಗಿರುತ್ತೆ ಹೇಳಿ. (1988ರಲ್ಲಿ ಸ್ವಾಗರ್ಟ್ ತನ್ನದೇ ಹಗರಣಕ್ಕೆ ಟಿವಿ ಮುಂದೆ ಕೂತು ಅತ್ತಿದ್ದು ಬೇರೆ ಕಥೆ, ಅದು ಇಲ್ಲಿ ಬೇಡ.) ಟು ಹೆಲ್ ವಿತ್ ದ ಡೆವಿಲ್‌ದು ಮೊದಲ ಕವರ್‌ನಲ್ಲಿ ದೇವದೂತರು ಸೈತಾನನ್ನ ಕೆಳಗೆ ತಳ್ಳೋ ಚಿತ್ರ ಇತ್ತು, ಅದಕ್ಕೂ ತಕರಾರು ಬಂದು ಬರೀ ಲೋಗೋ ಇರೋ ಕಪ್ಪು ಕವರ್ ಹಾಕಿದ್ರು. ಸೈತಾನನ್ನ ಬೈದ್ರೂ ತಪ್ಪು, ಬೈಯದೇ ಇದ್ರೂ ತಪ್ಪು.

1988ರ ಇನ್ ಗಾಡ್ ವಿ ಟ್ರಸ್ಟ್ ಸ್ವಲ್ಪ ಜಾಸ್ತಿನೇ ಸಿಹಿ, ಗೋಲ್ಡ್ ಆಯ್ತು ನಿಜ, ಆದ್ರೆ ಪಾಲಿಶ್ ಮಾಡಿ ಮಾಡಿ ಗಿಟಾರ್ ಹಿಂದೆ ಹೋಗಿದೆ, ಅದನ್ನ ಕೊನೆಗೆ ಕೇಳಿ. 1990ರ ಅಗೇನ್ಸ್ಟ್ ದ ಲಾ ಬಗ್ಗೆ ಮಾತ್ರ ಹೇಳ್ಲೇಬೇಕು. ಅದರಲ್ಲಿ ಹಳದಿ ಕಪ್ಪು ಬಿಟ್ರು, ಸಾಹಿತ್ಯದಲ್ಲಿ ದೇವರ ಹೆಸರು ಬಹುತೇಕ ಮಾಯ, ಅರ್ಥ್ ವಿಂಡ್ ಅಂಡ್ ಫೈರ್ ಅನ್ನೋ ಫಂಕ್ ಬ್ಯಾಂಡ್‌ನ ಶೈನಿಂಗ್ ಸ್ಟಾರ್ ಬೇರೆ ಹಾಡಿದ್ರು. ಚರ್ಚ್ ಕಡೆಯವ್ರು ದ್ರೋಹ ಅಂದ್ರು, ರಾಕ್ ಕಡೆಯವ್ರು ತಿರುಗಿ ನೋಡ್ಲಿಲ್ಲ, ಆ ಕಾಲದಲ್ಲಿ ಕುಡಿತಕ್ಕೂ ಬಿದ್ದಿದ್ವಿ ಅಂತ ಆಮೇಲೆ ಅವರೇ ಹೇಳ್ಕೊಂಡಿದಾರೆ. ಅದೆಲ್ಲ ಪಕ್ಕಕ್ಕಿಟ್ಟು ಬರೀ ಗಿಟಾರ್ ಕಿವೀಲಿ ಕೇಳಿದ್ರೆ ಅದು ಒಳ್ಳೇ ಆಲ್ಬಮ್, ಟಾಮ್ ವರ್ಮನ್ ಪ್ರೊಡಕ್ಷನ್, ಡ್ರಮ್ಸ್ ಗಿಟಾರ್ ಎರಡಕ್ಕೂ ಜೀವ ಇದೆ. ನಂಬಿಕೆಯ ಪರೀಕ್ಷೆ ಮಾಡೋಕೆ ನಾನ್ಯಾರು. 1992ರಲ್ಲಿ ಮೈಕಲ್ ಬಿಟ್ಟು ಹೋದ, ಸೋಲೋ ಹಾಡ್ಕೊಂಡಿದ್ದ, ಉಳಿದ ಮೂವರು ಸ್ವಲ್ಪ ದಿನ ಎಳೆದು ನಿಲ್ಲಿಸಿದ್ರು, ಅಷ್ಟೊತ್ತಿಗೆ ಗ್ರಂಜ್ ಅನ್ನೋ ಹೊಸ ಥರದ ರಾಕ್ ಬಂದು ಈ ಥರದ ಎಲ್ಲಾ ಬ್ಯಾಂಡ್‌ಗಳ ಅಂಗಡಿ ಮುಚ್ಚಿತ್ತು. 2003ರಲ್ಲಿ ಮತ್ತೆ ಟೂರ್, 2005ರಲ್ಲಿ ರೀಬಾರ್ನ್ ಅನ್ನೋ ಆಲ್ಬಮ್.

ಆಮೇಲಿನ ದಾರೀನೂ ಸುಲಭ ಇರ್ಲಿಲ್ಲ. 2009ರಲ್ಲಿ ಮೈಕಲ್ ಹೆಂಡತಿ ಕ್ಯಾನ್ಸರ್‌ನಿಂದ ತೀರ್ಕೊಂಡ್ರು. ಬಾಸ್ಟನ್ ಬ್ಯಾಂಡ್‌ನ ಗಾಯಕ ಬ್ರ್ಯಾಡ್ ಡೆಲ್ಪ್ ಸತ್ತ ಮೇಲೆ ಮೈಕಲ್ 2008ರಿಂದ 2011ರವರೆಗೆ ಅವರ ಜೊತೇನೂ ಇದ್ದ, ಅಂಥಾ ಗಂಟಲು ಅವನದ್ದು. ಬೇಸ್‌ಗೆ ಟಿಮ್ ಗೇನ್ಸ್ ಹೋಗಿ ಫೈರ್‌ಹೌಸ್ ಬ್ಯಾಂಡ್‌ನ ಪೆರಿ ರಿಚರ್ಡ್‌ಸನ್ ಬಂದ್ರು. 2018ರಲ್ಲಿ ಆಜ್ ಫಾಕ್ಸ್‌ಗೆ ಸ್ಟೇಜ್ ಮೇಲೇ ಫಿಟ್ಸ್ ಬಂತು, ನೋಡಿದ್ರೆ ಮೆದುಳಲ್ಲಿ ಗೆಡ್ಡೆ. ಅದಾದ್ಮೇಲೂ 2020, 2022, 2024ರಲ್ಲಿ ಹೊಸ ಆಲ್ಬಮ್ ಬಂದಿವೆ. ಇಷ್ಟಾದ್ಮೇಲೂ ಗಿಮಿಕ್ ಅನ್ನೋರು ಅನ್ಲಿ ಬಿಡಿ.

ಈಗ ನಿಮ್ಮ ತಮ್ಮನ ವಿಷಯ. ಇವರಲ್ಲಿ ಲೀಡ್ ಒಬ್ಬ ರಿದಮ್ ಒಬ್ಬ ಅಂತ ಭಾಗ ಇಲ್ಲ, ಮೈಕಲ್ಲೂ ಆಜ್ ಫಾಕ್ಸೂ ಇಬ್ರೂ ಸೋಲೋ ನುಡಿಸ್ತಾರೆ, ಇಬ್ರೂ ಸೇರಿ ಹಾರ್ಮನಿ ಲೀಡ್ (ಒಂದೇ ಧಾಟಿ, ಬೇರೆ ಬೇರೆ ಸ್ವರ) ನುಡಿಸ್ತಾರೆ, ಅದಕ್ಕೇ ಅಣ್ಣತಮ್ಮ ಕಲಿಯೋಕೆ ಹೇಳಿ ಮಾಡಿಸಿದ ಹಾಗಿದೆ. 1985ರ ಸೋಲ್ಜರ್ಸ್ ಅಂಡರ್ ಕಮಾಂಡ್ ಟೈಟಲ್ ಹಾಡಿಂದ ಶುರು ಮಾಡಿ. ಹಾಡು ನೇರವಾಗಿ ಹಿಡೀಬೇಡಿ, ಮೊದಲು ಬರೀ ಸ್ಕೇಲ್. ಮೈನರ್ ಸ್ಕೇಲ್ ಅಂದ್ರೆ ನಮ್ಮ ನಠಭೈರವಿ ಸ್ವರಗಳೇ, ನೀವು ಸ ನುಡಿಸಿದಾಗ ತಮ್ಮ ಗ, ನೀವು ರಿ ಅಂದ್ರೆ ಅವನು ಮ, ನೀವು ಗ ಅಂದ್ರೆ ಅವನು ಪ. ಎಲ್ರೂ ಎಡವೋದು ಇಲ್ಲೇ, ಮೂರು ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮನೆ) ಮೇಲೆ ಸರಿಸಿದ್ರೆ ಆಯ್ತು ಅಂದ್ಕೋತಾರೆ, ಹಾಗಲ್ಲ, ಇ ಮೈನರ್‌ನಲ್ಲಿ ಇ ಇಂದ ಜಿ ಗೆ ಮೂರು ಫ್ರೆಟ್, ಆದ್ರೆ ಜಿ ಇಂದ ಬಿ ಗೆ ನಾಲ್ಕು, ಸ್ಕೇಲ್ ಬಿಟ್ಟು ಆಚೆ ಹೋಗ್ಬಾರ್ದು. ಆಂಪ್‌ನಲ್ಲಿ ಗೇನ್ (ಸದ್ದನ್ನ ಒರಟು ಮಾಡೋ ನಾಬ್) ಅರ್ಧಕ್ಕೆ ಇಳಿಸಿ, ಇಬ್ರೂ ಪೂರ್ತಿ ಗೇನ್ ಇಟ್ರೆ ಹಾರ್ಮನಿ ಕೇಳಲ್ಲ, ಬರೀ ಸದ್ದು ಕೇಳುತ್ತೆ. ಮುಖ್ಯವಾಗಿ ಬೆಂಡ್ (ತಂತಿ ಎಳೆದು ಸ್ವರ ಏರಿಸೋದು) ಇಬ್ರದ್ದೂ ಒಂದೇ ವೇಗದಲ್ಲಿ ಮೇಲೆ ಹೋಗ್ಬೇಕು, ಸ್ವರ ಸರಿ ಇದ್ದೂ ಬೆಂಡ್ ಹಿಂದೆ ಮುಂದೆ ಆದ್ರೆ ಕೇಳೋಕಾಗಲ್ಲ. ಒಬ್ಬರದ್ದು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಅದರ ಮೇಲೆ ಇನ್ನೊಬ್ರು ನುಡಿಸಿ ನೋಡಿ, ಯಾರು ಓಡ್ತಿದಾರೆ ಅಂತ ತಕ್ಷಣ ಗೊತ್ತಾಗುತ್ತೆ, ಮನೇಲಿ ಜಗಳಾನೂ ಕಮ್ಮಿ.

ಹಳೇ ಮತ್ತು ಹೊಸ ಸೌಂಡ್ ಎರಡೂ ಒಟ್ಟಿಗೆ ಬೇಕಂದ್ರೆ 2013ರ ಸೆಕೆಂಡ್ ಕಮಿಂಗ್ ಇದೆ, ಹಳೇ 14 ಹಾಡು ಮತ್ತೆ ರೆಕಾರ್ಡ್ ಮಾಡಿ 2 ಹೊಸದು ಸೇರಿಸಿದಾರೆ, ಒಂದೊಂದು ಗಿಟಾರ್ ಏನು ಮಾಡ್ತಿದೆ ಅಂತ ಬಿಡಿಸಿ ಕೇಳೋಕೆ ಇದೇ ಸುಲಭ, ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಸಿಡಿ ತಗೊಳೋದಾದ್ರೆ ಒಂದು ಮಾತು, ಇವರ ಮೊದಲ ರೆಕಾರ್ಡ್ ದ ಯೆಲ್ಲೋ ಅಂಡ್ ಬ್ಲ್ಯಾಕ್ ಅಟ್ಯಾಕ್ 1984ರಲ್ಲಿ ಬರೀ 6 ಹಾಡಿನ ಇಪಿ (ಆಲ್ಬಮ್‌ಗಿಂತ ಚಿಕ್ಕ ರೆಕಾರ್ಡ್), 1986ರಲ್ಲಿ 2 ಸೇರಿಸಿ ಮತ್ತೆ ಬಿಟ್ರು. ಸೆಕೆಂಡ್ ಹ್ಯಾಂಡ್ ಮಾರೋರು ಒರಿಜಿನಲ್ ಅಂತ ರೇಟ್ ಏರಿಸಿದ್ರೆ ಮೊದಲು ಹಿಂದಿನ ಕವರ್ ಫೋಟೋ ಕಳಿಸಿ ಅನ್ನಿ, ಹಾಡು ಎಷ್ಟಿದೆ ಅಂತ ಎಣಿಸಿ ಆಮೇಲೆ ದುಡ್ಡಿನ ಮಾತಾಡಿ.