ನಾಲ್ಕು ಬಿಟ್ಟು ಸೀದಾ ಐದಕ್ಕೆ?

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಹುಡುಗಿಗೆ 12 ವರ್ಷ. ಅಪ್ಪನ ಕೆಲಸ ಶಾರ್ಜಾದಲ್ಲಿ, ಸಂಸಾರವೂ ಅಲ್ಲೇ. ರಜೆಗೆ ಬದಿಯಡ್ಕ ಕಡೆಯ ಅಜ್ಜಿಮನೆಗೆ ಬಂದಿದ್ದಾಗ ಅಮ್ಮ ಅವಳನ್ನು ಸಲಹೆ ಕೇಳಲು ನನ್ನ ಹತ್ತಿರ ಕರೆತಂದರು.

"ಜಿಮ್ನಾಸ್ಟಿಕ್ಸ್‌ನಲ್ಲಿ ಒಂದು ಲೆವೆಲ್ ಬಿಟ್ಟು ಮೇಲೆ ಹೋಗ್ತೇನೆ ಅಂತ ಹಟ ಮೇಡಂ. ಇವಳ ಅಪ್ಪನೂ ಸರಿ ಅಂತಾರೆ. ಎರಡನೇ ಕ್ಲಾಸು ಬಿಟ್ಟು ಯಾರಾದ್ರೂ ಮೂರಕ್ಕೆ ಕೂರಿಸ್ತಾರಾ?"

ಅವಳ ಕ್ಲಬ್ಬಿನಲ್ಲಿ ಅಮೆರಿಕದ ಪದ್ಧತಿ. ಒಟ್ಟು 10 ಲೆವೆಲ್. ಮೊದಲ ಐದರಲ್ಲಿ ಆಯಾ ಲೆವೆಲಿನ ಎಲ್ಲರೂ ಮಾಡುವುದು ಒಂದೇ ಆಟ, ನೆಲದ ಮೇಲೆ ಮಾಡುವ ಫ್ಲೋರ್ ಆಟಕ್ಕೆ ಸಂಗೀತವೂ ಒಂದೇ. ಆರರಿಂದ ಮೇಲೆ ಅವರವರದೇ ಆಟ. ಇವಳು ಸೇರಿದ್ದೇ ಹತ್ತನೇ ವಯಸ್ಸಿನಲ್ಲಿ, ಈ ಆಟಕ್ಕೆ ಅದು ತಡ. ಮೂರು ಮುಗಿದಿದೆ. ನಾಲ್ಕು ಬೇಡ, ಐದೇ ಬೇಕು.

ಅಮ್ಮನನ್ನು ಹೊರಗೆ ಕೂರಿಸಿ ಕೇಳಿದೆ, "ಎಂತಕ್ಕೆ ಇಷ್ಟು ಅವಸರ?"

"ನನ್ನ ಗ್ರೂಪಲ್ಲಿ ಎಲ್ಲ ಏಳೆಂಟು ವರ್ಷದವ್ರು. ಮೆಡಲ್ ಕೊಡುವಾಗ ಫೋಟೋ ತೆಗೆದ್ರೆ ನಾನು ಅವ್ರ ಟೀಚರ್ ಥರ ಕಾಣ್ತೇನೆ."

ನಗುತ್ತಲೇ ಹೇಳಿದಳು. ಆದರೆ ಮಾತಾಡುವಷ್ಟು ಹೊತ್ತೂ ಎಡಗೈ ಹೆಬ್ಬೆರಳಿನಿಂದ ಬಲ ಮಣಿಕಟ್ಟನ್ನು ಒತ್ತುತ್ತಿದ್ದಳು. ಹೆಬ್ಬೆರಳಿನ ಬದಿಯ ಎಲುಬು, ಅದೇ ಜಾಗ. ನೋಯ್ತದಾ ಅಂದೆ. ಸುಮ್ಮನಾದಳು. ಆಮೇಲೆ, "ಅಮ್ಮನಿಗೆ ಹೇಳ್ಬೇಡಿ. ಕೋಚಿಗೆ ಗೊತ್ತಾದ್ರೆ ಕೂರಿಸಿಬಿಡ್ತಾರೆ. ಮತ್ತೆ ಒಂದು ವರ್ಷ ಹೋಯ್ತು."

ಇದನ್ನು ಗುಟ್ಟಾಗಿ ಇಡಲು ಆಗುವುದಿಲ್ಲ ಎಂದು ಅವಳಿಗೇ ಮೊದಲು ಹೇಳಿದೆ. ಈ ಆಟದಲ್ಲಿ ಮೈಭಾರವೆಲ್ಲ ಮತ್ತೆ ಮತ್ತೆ ಕೈ ಮೇಲೆ ಬೀಳುತ್ತದೆ. ಬೆಳೆಯುವ ವಯಸ್ಸಿನಲ್ಲಿ ಮಣಿಕಟ್ಟಿನ ಹತ್ತಿರ ಎಲುಬು ಉದ್ದವಾಗುವ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ನೋವು ನುಂಗಿಕೊಂಡು ಆಡಿದರೆ ಎಲುಬಿನ ಬೆಳವಣಿಗೆಗೇ ಪೆಟ್ಟು ಬೀಳಬಹುದು. ಅವಳು ವರ್ಷದಿಂದೀಚೆಗೆ ಸರ್ರನೆ ಎತ್ತರವಾಗಿದ್ದಾಳೆ ಬೇರೆ. ಅಮ್ಮನನ್ನು ಒಳಗೆ ಕರೆದೆವು. ಅವಳೇ ಹೇಳಿದಳು. ಅಮ್ಮ ಬೈಯಲು ಬಾಯಿ ತೆರೆದರು, ನಾನು ಕೈ ಸನ್ನೆ ಮಾಡಿದೆ.

ಸಂಜೆ ಅಪ್ಪ ವೀಡಿಯೋ ಕಾಲಿಗೆ ಬಂದರು. ಮೊದಲು ಮೂಳೆ ಡಾಕ್ಟರು, ಆಮೇಲೆ ಲೆವೆಲ್ ವಿಚಾರ ಎಂದೆ. ಇಲ್ಲಿ ಚೌಕಾಶಿ ಇಲ್ಲ.

ಲೆವೆಲ್ ವಿಷಯದಲ್ಲಿ ನಾನು ಹುಡುಗಿಯ ಪಕ್ಷವೇ ವಹಿಸಿದೆ, ಅರ್ಧ ಮಾತ್ರ. ತಡವಾಗಿ ಸೇರಿದ ಮಗುವನ್ನು ಪುಟ್ಟ ಮಕ್ಕಳ ನಡುವೆ ಇಡೀ ಸೀಸನ್ ನಿಲ್ಲಿಸಿದರೆ ಅದು ಆಟವನ್ನೇ ಬಿಡುವ ಸಾಧ್ಯತೆ ಜಾಸ್ತಿ. ಆದರೆ ಅಮೆರಿಕದಲ್ಲೂ ನಾಲ್ಕರಲ್ಲಿ ನಿಗದಿತ ಅಂಕ ಬಾರದೆ ಐದಕ್ಕೆ ಬಿಡುವುದಿಲ್ಲ. ಅಂಕ ಒಂದೇ ಸ್ಪರ್ಧೆಯಲ್ಲಿ ಬಂದರೂ ಸಾಕು. ಹಾಗಾಗಿ ಒಂದೋ ಎರಡೋ ಸ್ಪರ್ಧೆಯಲ್ಲಿ ನಾಲ್ಕನ್ನು ಮುಗಿಸಿ ಅದೇ ವರ್ಷ ಐದಕ್ಕೆ ಹೋಗಬಹುದಾ ಎಂದು ಕೋಚನ್ನು ಕೇಳಿ ಎಂದೆ. ಬಾರಿನ ಮೇಲೆ ಕಿಪ್ (ಕಂಬಿಗೆ ಜೋತು ಬೀಸಿ ಮೈಯನ್ನು ಕಂಬಿಯ ಮೇಲಕ್ಕೆ ಎತ್ತುವುದು) ಯಾರ ಸಹಾಯವೂ ಇಲ್ಲದೆ ಬರುತ್ತದಾ, ಅದನ್ನೂ ಕೇಳಿ. ಅದು ಬಾರದೆ ಐದಕ್ಕೆ ಹೋದರೆ ಬಾರಿನಲ್ಲಿ ಪ್ರತಿ ಸಲ ಒದ್ದಾಟವೇ. ಬೀಳುವ ಒಂದೊಂದು ಸಲಕ್ಕೂ 0.5 ಅಂಕ ಕಳೆಯುತ್ತಾರೆ.

ಅಪ್ಪನ ಲೆಕ್ಕ ಬೇರೆಯೇ ಇತ್ತು. "ಎರಡು ವರ್ಷದಲ್ಲಿ ಊರಿಗೆ ಬರ್ತೇವೆ ಮೇಡಂ. ಅಷ್ಟರಲ್ಲಿ ಏಳು ದಾಟಿದ್ರೆ ಅಲ್ಲಿ ಉಪಯೋಗ ಆಗ್ತದಲ್ವಾ?" ಆಗುವುದಿಲ್ಲ. ನಮ್ಮ ಶಾಲಾ ಕೂಟಗಳಲ್ಲಿ 14, 17, 19 ವರ್ಷದೊಳಗಿನವರು ಎಂದು ವಯಸ್ಸು ನೋಡುತ್ತಾರೆ. ತಲಶ್ಶೇರಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ಜಿಮ್ನಾಸ್ಟಿಕ್ಸ್ ಇದೆ, ಆದರೆ ಅಲ್ಲಿಗೆ ಹೋದರೂ ನೋಡುವುದು ಮಗು ಏನು ಮಾಡಬಲ್ಲದು ಎಂಬುದನ್ನು. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಲೈನ್ ಕಟ್ ಆಯ್ತೇನೋ ಅಂದುಕೊಂಡೆ.

ಅಮ್ಮನಿಗೆ ಹೇಳಿದ್ದು ಇಷ್ಟೇ: ಮಗಳು ನೋವು ಅಂದಾಗ "ಹೇಳಿದ್ದೆ ತಾನೇ" ಅನ್ನಬೇಡಿ. ಒಮ್ಮೆ ಅಂದರೆ ಮುಂದಿನ ಸಲ ಅವಳು ಹೇಳುವುದಿಲ್ಲ.

ಡಾಕ್ಟರು ಆರು ವಾರ ಕೈ ಮೇಲೆ ಭಾರ ಹಾಕಬಾರದು ಎಂದರು. ಆ ದಿನಗಳಲ್ಲಿ ಕಾಲು, ಹೊಟ್ಟೆಯ ವ್ಯಾಯಾಮ ಮಾಡಿಸಲು ಕೋಚ್ ಒಪ್ಪಿದ್ದಾರೆ. ನಾಲ್ಕರ ಸ್ಪರ್ಧೆಗೆ ಇನ್ನೂ ದಿನ ಗೊತ್ತಾಗಿಲ್ಲ, ಕಿಪ್ ಕೂಡ ಪೂರ್ತಿ ಬಂದಿಲ್ಲ. ಮೊನ್ನೆ ಫೋನಿನಲ್ಲಿ ಹುಡುಗಿಯದು ಒಂದೇ ದೂರು. ಕೈ ಹೇಗಿದೆ ಅಂತ ಅಮ್ಮ ಈಗ ದಿನಕ್ಕೆ ಹತ್ತು ಸಲ ಕೇಳುತ್ತಾರಂತೆ. ಅದಕ್ಕೆ ಮುಂದಿನ ವಾರ ಅಮ್ಮನೊಬ್ಬರನ್ನೇ ವೀಡಿಯೋ ಕಾಲಿಗೆ ಬರಲು ಹೇಳಿದ್ದೇನೆ.